ತಿದಿ ತುಳಿಯುವ ಆನ್ಸೆಲ್ಮ್

ಫ್ರಾನ್ಸಿನ ಯೋನ್ ನದಿಯ ದಂಡೆಯ ನಮ್ಮ ಊರಿನಲ್ಲಿ ಆನ್ಸೆಲ್ಮ್ ಗಿಬೂರ್ ವಾರದ ಆರು ದಿನ ದ್ರಾಕ್ಷಾರಸದ ಪೀಪಾಯಿಗಳನ್ನು ಮಾಡುತ್ತಿದ್ದ. ಏಳನೆಯ ದಿನ ಇಗರ್ಜಿಯ ಆರ್ಗನ್ ಎಂಬ ದೊಡ್ಡ ಕೊಳವೆವಾದ್ಯಕ್ಕೆ ಗಾಳಿ ತುಂಬುತ್ತಿದ್ದ. ವಾದ್ಯದ ಹಿಂದಿನ ಕತ್ತಲ ಕೋಣೆಯಲ್ಲಿ ಮರದ ತುಳಿಹಲಗೆಗಳ ಮೇಲೆ ನಿಂತು, ಮೈಭಾರವೆಲ್ಲ ಬಿಟ್ಟು ತಿದಿಗಳನ್ನು ತುಳಿಯುವ ಕೆಲಸ ಅದು. ಸದ್ದಾಗಬಾರದೆಂದು ಮರದ ಪಾದರಕ್ಷೆಗಳನ್ನು ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ತುಳಿಯುತ್ತಿದ್ದ.

ಮುಂದೆ ಕುಳಿತು ನುಡಿಸುತ್ತಿದ್ದವರು ತೆಯೋಫಿಲ್ ವೆರ್ನಾಕ್. ಪ್ಯಾರಿಸಿನಲ್ಲಿ ಕಲಿತು ಊರಿಗೆ ಮರಳಿ, ಕೇಳುವವರು ಕಡಿಮೆಯಾದರೂ ದೊಡ್ಡ ದೊಡ್ಡ ಕೃತಿಗಳನ್ನು ರಚಿಸುತ್ತಿದ್ದವರು. ಅವರ ಮುಖ ಆನ್ಸೆಲ್ಮನಿಗೆ ಕಾಣುತ್ತಿರಲಿಲ್ಲ. ಅವರು ಹಗ್ಗ ಎಳೆದು ಪುಟ್ಟ ಗಂಟೆ ಬಾರಿಸಿದರೆ ತುಳಿಯಬೇಕು, ನಾದ ನಿಂತರೆ ಇಳಿಯಬೇಕು. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು.

೧೮೯೬ರ ಈಸ್ಟರ್ ಹಬ್ಬಕ್ಕೆ ವೆರ್ನಾಕ್ ಹೊಸ ಕೃತಿ ನುಡಿಸಿದರು. ಅವರ ಹಳೆಯ ಕೃತಿಗಳಲ್ಲಿ ಇರದಿದ್ದ ಒಂದು ದೀರ್ಘ ಮೌನ ಇದರ ನಡುವೆ ಇತ್ತು. ಮುಗಿಯಿತೆಂದುಕೊಂಡ ಆನ್ಸೆಲ್ಮ್ ಇಳಿದು, ಪಾದರಕ್ಷೆ ಮೆಟ್ಟಿ, ಟಕಟಕ ಸದ್ದು ಮಾಡುತ್ತ ಹೊರಟ. ಅಷ್ಟರಲ್ಲಿ ಎಲ್ಲ ಕೊಳವೆಗಳೂ ಒಟ್ಟಿಗೆ ಮೊಳಗಿದವು. ಉಳಿದಿದ್ದ ಗಾಳಿ ಕ್ಷಣದಲ್ಲಿ ತೀರಿತು. ಆರ್ಗನ್ ಮುದಿಹಸುವಿನಂತೆ ನರಳಿ ಸುಮ್ಮನಾಯಿತು. ಜನ ನಕ್ಕರು.

ಮರುದಿನವೇ ಇಗರ್ಜಿಯ ಮೇಲ್ವಿಚಾರಕ ಪ್ಲಾಂಶೋ ಅವನ ಅಂಗಡಿಗೆ ಬಂದು, ಮೊಣಕಾಲೂ ಸೋತಿದೆ, ಕಿವಿಯೂ ಸೋತಿದೆ, ಇನ್ನು ಬೇರೆಯವನನ್ನು ಹುಡುಕುತ್ತೇವೆ ಎಂದ.

"ನೀನು ಪೀಪಾಯಿಗೇ ಗಾಳಿ ತುಂಬು ಗಿಬೂರ್. ಅದಾದ್ರೆ ನರಳೋದಿಲ್ಲ."

ಆನ್ಸೆಲ್ಮ್ ಹಲಗೆ ಹೆರೆಯುವುದನ್ನು ಮುಂದುವರಿಸಿದ. ಆ ಕತ್ತಲ ಕೋಣೆಯೂ ಕೈತಪ್ಪಿದರೆ ತನಗೆ ಉಳಿಯುವುದೇನು ಎಂದು ಹೆಂಡತಿ ಯೂಲಾಲಿಯ ಮುಂದೆ ಮಾತ್ರ ಹೇಳಿಕೊಂಡ.

ಸುದ್ದಿ ವೆರ್ನಾಕರ ಕಿವಿಗೆ ಬಿತ್ತು. ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಪೆಂತೆಕೊಸ್ತ್ ಹಬ್ಬಕ್ಕೆ ಅದೇ ಕೃತಿಯನ್ನು ಅದೇ ಮನುಷ್ಯನೊಂದಿಗೆ ನುಡಿಸುತ್ತೇನೆ, ಆಮೇಲೆ ತೀರ್ಮಾನಿಸಿ ಎಂದು ಅವರು ಪ್ಲಾಂಶೋನನ್ನು ಒಪ್ಪಿಸಿದರು. ಬಳಿಕ ಆನ್ಸೆಲ್ಮನನ್ನು ಮನೆಗೆ ಕರೆಸಿ, ಪಿಯಾನೊ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

"ತಪ್ಪು ನಂದೇ ಮೇಷ್ಟ್ರೇ," ಎಂದ ಆನ್ಸೆಲ್ಮ್.

"ಅಲ್ಲ. ಬರೆದಿದ್ದನ್ನ ಪಾದ್ರಿಗಳಿಗೆ ತೋರಿಸ್ದೆ, ಹಾಡೋರಿಗೆ ತೋರಿಸ್ದೆ. ಗಾಳಿ ಕೊಡೋ ನಿಮಗೊಬ್ಬರಿಗೆ ತೋರಿಸ್ಲಿಲ್ಲ. ಈಗ ಕೇಳಿ."

ತಿದಿಗಳ ಕಿರುಗುಟ್ಟುವಿಕೆಯಿಲ್ಲದೆ ಅವರ ಸಂಗೀತವನ್ನು ಅವನು ಕೇಳಿದ್ದು ಅದೇ ಮೊದಲು. ಬೆಂಕಿಯ ಕಾವಿಗೆ ಪೀಪಾಯಿಯ ಹಲಗೆ ಮೆಲ್ಲಗೆ ಬಾಗುವಂತೆ ರಾಗ ಬಾಗುತ್ತ ಸಾಗಿತು. ಆ ಮೌನ ಬಂದಾಗ ವೆರ್ನಾಕ್ ಕೈ ಎತ್ತಿದರು. ಆನ್ಸೆಲ್ಮ್ ಉಸಿರು ಬಿಗಿಹಿಡಿದ.

"ಮುಗಿದಿಲ್ಲ ಅಂತ ಈಗ ಗೊತ್ತಾಗುತ್ತೆ ಮೇಷ್ಟ್ರೇ."

"ಅಷ್ಟೇ. ಅಲ್ಲಿ ನಾನೂ ಕಾಯ್ತಿರ್ತೀನಿ."

ಅಂದು ಐದು ಸಲ ನುಡಿಸಿದರು. ಆನ್ಸೆಲ್ಮ್ ಕುಳಿತಲ್ಲೇ ನೆಲ ತುಳಿದು ಅಭ್ಯಾಸ ಮಾಡಿದ.

ಪೆಂತೆಕೊಸ್ತ್ ದಿನ ಆ ಮೌನ ಬಂದಾಗ ಅವನು ತುಳಿಹಲಗೆಯಿಂದ ಇಳಿಯಲಿಲ್ಲ. ತಿದಿ ತುಂಬಿಕೊಂಡು ಅಲುಗದೆ ನಿಂತ. ಮತ್ತೆ ಮೊಳಗಿದ ನಾದ ಕೊನೆಯವರೆಗೂ ಒಂದಿಷ್ಟೂ ಸೊರಗಲಿಲ್ಲ. ಕೆಳಗೆ ಜನರ ನಡುವೆ ಪ್ಲಾಂಶೋ ಟೋಪಿ ತಿರುವುತ್ತ ನಿಂತಿದ್ದ. ಬೇರೆಯವನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಕೃತಜ್ಞತೆ ಹೇಳಲೆಂದು ಆನ್ಸೆಲ್ಮ್ ವಾದ್ಯದ ಮುಂದಕ್ಕೆ ಬಂದ. ವೆರ್ನಾಕ್ ಅವನ ಬೆವೆತ ಕೈ ಹಿಡಿದುಕೊಂಡು, ಇನ್ನೊಂದು ಹೊಸ ಕೃತಿ ಬರೆಯುತ್ತಿದ್ದೇನೆ, ಗುರುವಾರ ಮನೆಗೆ ಬನ್ನಿ ಎಂದರು.