ಕುರಿಸಂತೆಯಲ್ಲಿ ನಿಂತು ನಿಜ ಹೇಳಿದವರು

ಉಕ್ಕು, ಕೈಮಗ್ಗ, ಮರಗೆಣಸುಗಳಿಗೆ ಹೆಸರಾದ ಸೇಲಂ ನಗರದಲ್ಲಿ ಲಸಿಕೆಯೂ ರೋಗಪರೀಕ್ಷೆಯ ಕಿಟ್ಟೂ ತಯಾರಾಗಿ ಮಾರಾಟವಾಗುತ್ತವೆಂದು ಹತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು. ಇಂದು ಜೀವವಿಜ್ಞಾನದ ಉದ್ಯಮವೆಂಬ ಮಾತು ಈ ಊರಿನಲ್ಲಿ ಸಲೀಸಾಗಿ ಕೇಳಿಬರುತ್ತಿದ್ದರೆ, ಅದಕ್ಕೆ ಮೊದಲ ಕಾರಣರು ಪೂಜ್ಯ ಡಾ. ಸಿದ್ದಲಕ್ಷ್ಮಮ್ಮನವರು. ಈ ೧೯೯೯ರ ಜೂನ್ ತಿಂಗಳಲ್ಲಿ, ತಾವೇ ಕಟ್ಟಿದ ಕಂಪನಿಯ ಹೊಣೆಯಿಂದ ಅವರು ನಿವೃತ್ತರಾಗುತ್ತಿರುವ ಹೊತ್ತಿಗೆ, ಮೊದಲಿನಿಂದಲೂ ಅವರ ಕೈಕೆಳಗೆ ದುಡಿದ ನನಗೆ ಈ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ಎಡಪ್ಪಾಡಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮದರಾಸಿನಲ್ಲಿ ಪಶುವೈದ್ಯ ಓದಿ, ಸರ್ಕಾರಿ ಪ್ರಯೋಗಾಲಯದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಅವರು ೧೯೯೧ರಲ್ಲಿ ಆ ಕೆಲಸ ಬಿಟ್ಟರು. ದೂರದ ಊರುಗಳಿಂದ ಕುರಿಗಳ ಲಸಿಕೆ ಬರುವಷ್ಟರಲ್ಲಿ ಮೆಟ್ಟೂರು, ಧರ್ಮಪುರಿ ಕಡೆಯ ಮಂದೆಗಳಲ್ಲಿ ರೋಗ ತನ್ನ ಕೆಲಸ ಮುಗಿಸಿರುತ್ತಿದ್ದುದನ್ನು ಅವರು ನೋಡಿ ನೋಡಿ ಬೇಸತ್ತಿದ್ದರು. ನೂಲಿನ ವ್ಯಾಪಾರಿ ವಿಶ್ವನಾಥನ್ ಅವರು ಪಾಲುದಾರರಾಗಿ ಸೂರಮಂಗಲದ ತಮ್ಮ ಗೋದಾಮನ್ನು ಬಿಟ್ಟುಕೊಟ್ಟರು. ಅಲ್ಲಿಯೇ ನಮ್ಮ ಲಸಿಕೆಯ ಕಾರ್ಖಾನೆ ಆರಂಭವಾಯಿತು. ಹೆರಿಗೆಯಾದ ಮೇಲೆ ನಾನು ಕೆಲಸ ಬಿಡಲು ಹೊರಟಾಗ ಮೇಡಂ ತಮ್ಮ ಕೋಣೆಯ ತೊಲೆಗೆ ಸೀರೆಯ ತೊಟ್ಟಿಲು ಕಟ್ಟಿಸಿದರು. ಬ್ಯಾಂಕಿನ ಅಧಿಕಾರಿಗಳು ಬಂದ ದಿನವೂ ಅದನ್ನು ಬಿಚ್ಚಿಸಲಿಲ್ಲ.

೧೯೯೫ರ ಒಂದು ಬೆಳಗ್ಗೆ ಮೇಚೇರಿ ಪಕ್ಕದ ಹಳ್ಳಿಯ ಕುರಿಗಾರ ಜವರಪ್ಪನವರು ಸತ್ತ ಕುರಿಯೊಂದನ್ನು ತಂದು ನಮ್ಮ ಗೇಟಿನ ಮುಂದೆ ಇಳಿಸಿದರು.

“ಸೂಜಿಮದ್ದು ಆಕ್ಸಿ ತಿಂಗ್ಳಾತು. ಆದ್ರೂ ಅರ್ಧ ಮಂದೆ ಓಗ್ಬುಡ್ತು. ನಿಮ್ದು ಮದ್ದಾ, ಬರೀ ನೀರಾ? ಏಳಿ ತಾಯಿ!”

ಕಾವಲುಗಾರನನ್ನು ಪಕ್ಕಕ್ಕೆ ಸರಿಸಿ ಮೇಡಂ ಹೊರಗೆ ಬಂದರು. “ಮದ್ದೋ ನೀರೋ ನಿಮ್ ಮುಂದೇ ನೋಡಾನ. ಒಳಕ್ಕೆ ಬನ್ನಿ ಅಣ್ಣಾ.”

ಜವರಪ್ಪನವರ ಎದುರಿನಲ್ಲೇ ಅವರು ಕುರಿಯನ್ನು ಕೊಯ್ದು ಪರೀಕ್ಷಿಸಿದರು. ನಾವು ಯಾವ ಕರುಳುಬೇನೆಗೆ ಲಸಿಕೆ ಕೊಟ್ಟಿದ್ದೆವೋ ಅದೇ ಬೇನೆಯಿಂದ ಅದು ಸತ್ತಿತ್ತು. ನಮ್ಮ ಉಗ್ರಾಣದ ಬಾಟಲಿಗಳು ಚೆನ್ನಾಗಿದ್ದವು. ಆದರೆ ಹಳ್ಳಿಗಳಿಂದ ತರಿಸಿದ ಬಾಟಲಿಗಳಲ್ಲಿ ಸತ್ವವೇ ಇರಲಿಲ್ಲ. ಆ ಲಸಿಕೆಗೆ ತಂಪು ಬೇಕು, ಆದರೆ ಅದು ಹೆಪ್ಪುಗಟ್ಟಬಾರದು. ನಮ್ಮದೇ ವ್ಯಾನಿನಲ್ಲಿ ಬಾಟಲಿಗಳನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಜೋಡಿಸಿ ಸಾಗಿಸಲಾಗಿತ್ತು.

ವಿಶ್ವನಾಥನ್ ಕಂಗಾಲಾದರು. “ವೇಂಡಾಂ ಮೇಡಂ, ಬೇಡ. ಡೀಲರ್ ತಪ್ಪು ಅಂತ ಹೇಳಿಬಿಡೋಣ. ನಿಜ ಹೇಳಿದ್ರೆ ನಾಳೆಯೇ ಫ್ಯಾಕ್ಟರಿ ಕ್ಲೋಸ್.”

“ಕ್ಲೋಸ್ ಆದ್ರೆ ಆಗ್ಲಿ. ಸುಳ್ಳು ಏಳಿದ್ರೆ ಕೆಟ್ಟ ಬಾಟ್ಲಿ ಬಾಕಿ ಊರ್ನಾಗೆ ಅಂಗೇ ಇರ್ತವೆ. ಅಲ್ಲೂ ಕುರಿ ಸಾಯ್ತವೆ.”

ಆ ವಾರದ ಮೇಚೇರಿ ಸಂತೆಯಲ್ಲಿ, ಕುರಿ ಮಾರುವವರ ನಡುವೆ, ಮೇಡಂ ವ್ಯಾನಿನ ಮೆಟ್ಟಿಲ ಮೇಲೆ ನಿಂತರು. ಕನ್ನಡದಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ ಕೂಗಿ ಹೇಳಿದರು: “ತಪ್ಪು ನಮ್ದು. ನಮ್ ವ್ಯಾನ್‌ನಾಗೆ ಮದ್ದು ಕೆಟ್ಟೋಗೈತೆ. ಯಾರ ತಾವ ಬಾಟ್ಲಿ ಐತೋ ವಾಪಸ್ ಕೊಡಿ. ಸತ್ತ ಕುರಿಗೆ ಕುರಿ ಕೊಡ್ತೀವಿ.” ಒಬ್ಬ ಅವರ ಕಾಲ ಬಳಿಯೇ ಉಗಿದ. ಇನ್ನೊಬ್ಬ ತಮಿಳಿನಲ್ಲಿ ಬೈದ ಮಾತನ್ನು ಇಲ್ಲಿ ಬರೆಯಲಾರೆ. ಸಂತೆ ಕರಗುವವರೆಗೂ ಅವರು ಆ ಬಿಸಿಲಿನಲ್ಲೇ ನಿಂತು ಬಾಟಲಿಗಳನ್ನು ಕೈಯಾರೆ ಇಸಿದುಕೊಂಡರು.

ವಿಶ್ವನಾಥನ್ ಹೆದರಿದ್ದು ಸುಳ್ಳಾಗಲಿಲ್ಲ. ವ್ಯಾಪಾರ ನೆಲಕಚ್ಚಿತು, ಅನುಭವಿಗಳಾದ ಕೆಲವರು ಬಿಟ್ಟುಹೋದರು. ವಿಶ್ವನಾಥನ್ ಕೂಡ ಬಹಳ ದಿನ ಮೇಡಂ ಜೊತೆ ಮಾತು ಬಿಟ್ಟಿದ್ದರು. ಆದರೂ ಸಂತೆಯಲ್ಲಿ ಕೊಟ್ಟ ಮಾತಿನಂತೆ ಕುರಿಗಳನ್ನು ಕೊಳ್ಳಲು ತಾವೇ ಊರೂರು ಅಲೆದರು. ಮೇಡಂ ಆ ಬಿಡುವಿನಲ್ಲಿ ತಂಪು ಕಾಯುವ ವ್ಯಾನುಗಳನ್ನು ಸಿದ್ಧಪಡಿಸಿದರು. ಯಾರು ಬೇಕಾದರೂ ತಮ್ಮ ಸರಕನ್ನು ಪರೀಕ್ಷಿಸಿಕೊಳ್ಳಬಹುದಾದ ಪ್ರಯೋಗಾಲಯವನ್ನೂ ತೆರೆದರು. ಅಲ್ಲಿ ತರಬೇತಾದ ಶಾರದ ರೋಗಪರೀಕ್ಷೆಯ ಕಿಟ್ಟು ತಯಾರಿಸಲು, ಅಶ್ವತ್ಥ್ ಗಾಜಿನ ಶೀಶೆಗಳಲ್ಲಿ ಬಾಳೆಸಸಿ ಬೆಳೆಸಲು ಸ್ವಂತ ಘಟಕಗಳನ್ನು ತೆರೆದರು. ಒಳ್ಳೆಯ ಕೆಲಸಗಾರರು ಕೈಬಿಟ್ಟುಹೋಗುತ್ತಿದ್ದಾರೆಂದು ನಾವು ಗೊಣಗಿದರೆ, ಮೇಡಂ ಆ ಇಬ್ಬರಿಗೂ ಉಪಕರಣಗಳನ್ನೂ ಎರವಲು ಕೊಟ್ಟು ಕಳುಹಿಸಿದರು. ಶಾರದಳಿಗೆ ಹೇಳಿದ್ದು ಇಷ್ಟೇ: “ಓಗು. ಟೆಸ್ಟ್ ಮಾಡ್ದೆ ಮಾತ್ರ ಏನೂ ಮಾರ್ಬೇಡ.” ಇಂದು ಸೇಲಂನಲ್ಲಿರುವ ಇಂಥ ಘಟಕಗಳಲ್ಲಿ ಆ ಪ್ರಯೋಗಾಲಯದ ಮೆಟ್ಟಿಲು ಹತ್ತದವು ವಿರಳ.

ಜವರಪ್ಪನವರು ಮಾತ್ರ ಬೇಗ ಮನಸ್ಸು ಬದಲಿಸಲಿಲ್ಲ. ಬದಲಿ ಕುರಿಗಳನ್ನು ಒಪ್ಪಿಕೊಂಡರೂ ೧೯೯೭ರವರೆಗೆ ನಮ್ಮ ಲಸಿಕೆ ಮುಟ್ಟಲಿಲ್ಲ. ಆ ವರ್ಷ ವ್ಯಾನು ಅವರ ಊರಿಗೆ ಹೋದಾಗ, ಪೆಟ್ಟಿಗೆಯ ಉಷ್ಣಮಾಪಕವನ್ನು ತೋರಿಸಿಕೊಂಡು, ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ನೋಡಿ, “ಸರಿ, ಆಕಿ” ಎಂದರು. ಆ ಎರಡು ಮಾತನ್ನು ನಾನು ಬಂದು ತಿಳಿಸಿದಾಗ ಮೇಡಂ ಕನ್ನಡಕ ತೆಗೆದು, ಸೆರಗಿನಲ್ಲಿ ತುಂಬ ಹೊತ್ತು ಒರೆಸುತ್ತ ಕೂತರು.

ನಿವೃತ್ತಿಯ ಈ ಸನ್ಮಾನ ಸಮಾರಂಭಕ್ಕೆ ಆಹ್ವಾನಿಸಲು ಮೊನ್ನೆ ಮನೆಗೆ ಹೋದರೆ, ಹಿತ್ತಲಿನ ತೊಟ್ಟಿಯಲ್ಲಿ ಮೀನುಗಳನ್ನು ಬಿಟ್ಟುಕೊಂಡು ಅವುಗಳ ಕಿವಿರುಗಳನ್ನು ಪರೀಕ್ಷಿಸುತ್ತಿದ್ದರು. “ಸನ್ಮಾನ ಎಲ್ಲ ಆಮ್ಯಾಕೆ. ಒಗೇನಕಲ್ನಾಗೆ ಮೀನಿಗೆ ಏನೋ ಬೇನೆ ಬಂದೈತಂತೆ. ನಾಳೆ ಬೆಳಗ್ಗೆ ಓಗಾನ, ನೀನೂ ಬಾ ಪುಷ್ಪಾ” ಎಂದರು. ಭಗವಂತನು ಅವರಿಗೆ ಇಂಥ ಬೆಳಗುಗಳನ್ನು ಸಾವಿರಗಟ್ಟಲೆ ಕರುಣಿಸಲಿ. ಅವರು ಹೊರಟಾಗಲೆಲ್ಲ ಜೊತೆಗೆ ನಡೆಯುವ ಶಕ್ತಿಯನ್ನು ನಮಗೂ ಕೊಡಲಿ.