ಎಣಿಸಬಾರದ ರೊಟ್ಟಿ

ಕೂತಲ್ಲಿ ಕೂರಲಾಗದ ರೋಗ ನನಗೆ ಮೊದಲಿನಿಂದಲೂ ಇದೆ. ಆ ಮಳೆಗಾಲದಲ್ಲಿ ಅದು ಅತಿಯಾಗಿತ್ತು. ಮುಂಬಯಿಯ ಭಾಂಡುಪಿನ ನಮ್ಮ ಚಾಳಿನ ಮಾಲೀಕ ಬಂದು, ದೀಪಾವಳಿಯೊಳಗೆ ರೊಟ್ಟಿ ಬಡಿಯುವುದು ನಿಲ್ಲಬೇಕು, ಇಲ್ಲವೇ ಖೋಲಿ ಖಾಲಿ ಮಾಡಬೇಕು ಎಂದು ಹೇಳಿ ಹೋಗಿದ್ದ. ನಸುಕಿಗೇ ಶುರುವಾಗುವ ನನ್ನ ದಬದಬ ಸದ್ದಿಗೆ ಕೆಳಗಿನ ಮನೆಯವರಿಗೆ ನಿದ್ದೆಯಿಲ್ಲವಂತೆ. ಅವರ ತಪ್ಪೂ ಅಲ್ಲ ಅನ್ನಿ. ಆದರೆ ನನ್ನ ಗಂಡನ ವಾಚ್‌ಮನ್ ಸಂಬಳ ಬಾಡಿಗೆಗೇ ಮುಗಿಯುತ್ತಿತ್ತು. ಉಳಿದ ಸಂಸಾರವೆಲ್ಲ ನಡೆಯುತ್ತಿದ್ದದ್ದು ನಾನು ಮಾರುವ ಜೋಳದ ಕಟಕ ರೊಟ್ಟಿಯಿಂದಲೇ.

ಹಳೆಯ ಕಾರ್ಖಾನೆಯೊಂದರ ಹಿಂದೆ ಸಣ್ಣ ಗಾಳಾ, ಅಂದರೆ ಮಳಿಗೆಯಂಥ ಕೋಣೆಯೊಂದನ್ನು ನೋಡಿಟ್ಟಿದ್ದೆ. ಒಂದೇ ಬಾಗಿಲು, ಒಂದು ನಲ್ಲಿ. ಎಷ್ಟು ಬಡಿದರೂ ಕೇಳುವವರಿಲ್ಲ. ಡಿಪಾಸಿಟ್ಟಿಗೆ ಮಾತ್ರ ದಾರಿಯಿರಲಿಲ್ಲ. ದಿನಕ್ಕೆರಡು ಸಲ ಅಲ್ಲಿಗೆ ಹೋಗಿ ಬೀಗ ನೋಡಿ ಬರುತ್ತಿದ್ದೆ, ನಾನು ಕಾಯದಿದ್ದರೆ ಅದು ಓಡಿಹೋಗುತ್ತದೆ ಅನ್ನುವ ಹಾಗೆ.

ಸಯನ್‌ನಲ್ಲಿ ನನ್ನ ಗಿರಾಕಿಯೊಬ್ಬರಿದ್ದಾರೆ. ಮೈಸೂರು ಕಡೆಯವರು, ಆಫೀಸಿನಿಂದ ನಿವೃತ್ತರಾದವರು. ನಾನು ಅವರನ್ನು ಅಕ್ಕಾರ ಅನ್ನುತ್ತೇನೆ. ಅನ್ನ ಸಾರಿನ ಮನೆಯಲ್ಲಿ ಹುಟ್ಟಿ, ಸಕ್ಕರೆ ಕಾಯಿಲೆ ಬಂದ ಮೇಲೆ ರೊಟ್ಟಿಗೆ ಒಲಿದವರು. ಸಣ್ಣ ಉದ್ಯೋಗ ಶುರು ಮಾಡುವ ಹೆಂಗಸರಿಗೆ ಸಂಸ್ಥೆಯೊಂದು ಅನುದಾನ ಕೊಡುತ್ತದೆ ಎಂದು ಹೇಳಿದವರು ಅವರೇ.

"ಸಾಲ ಅಲ್ಲಮ್ಮ, ಗ್ರಾಂಟು. ವಾಪಸ್ ಕಟ್ಟೋ ಹಾಗಿಲ್ಲ."

"ಪುಕ್ಕಟೆ ಯಾರ ಕೊಡ್ತಾರ್ರಿ, ಅಕ್ಕಾರ?"

"ಪುಕ್ಕಟೆ ಏನಲ್ಲ, ಹದಿನಾಲ್ಕು ಪುಟದ ಫಾರಮ್ ತುಂಬಬೇಕು!"

ಮೂರನೆಯ ಪುಟದಲ್ಲೇ ಗಾಡಿ ನಿಂತಿತು. ದಿನಕ್ಕೆ ಎಷ್ಟು ರೊಟ್ಟಿ ಮಾಡುತ್ತೀರಿ ಎಂದು ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ಎಣಿಸುವುದಿಲ್ಲ. ನಾನು ಬಡಿಯುತ್ತೇನೆ, ಅತ್ತೆ ಹಂಚಿನ ಮುಂದೆ ಕೂತು ಸುಡುತ್ತಾರೆ, ಬುಟ್ಟಿ ತುಂಬುತ್ತದೆ. ಗಿರಾಕಿಗಳು ಬಂದರೆ ಬುಟ್ಟಿಯನ್ನು ಅವರ ಮುಂದೆ ಸರಿಸಿ, "ನೀವ ಎಣಿಸ್ಕೋರಿ" ಅನ್ನುತ್ತೇನೆ. ಅವರು ಹೇಳಿದ ಲೆಕ್ಕವೇ ಲೆಕ್ಕ. ಹದಿನಾರು ವರ್ಷ ಹೀಗೇ ನಡೆದಿತ್ತು.

ಅಕ್ಕಾರ ಬಿಡುವವರಲ್ಲ. ಒಂದು ಬೆಳಿಗ್ಗೆ ಮೊದಲ ಲೋಕಲ್ ಹಿಡಿದು ಬಂದು, ಬಾಗಿಲಲ್ಲಿ ಪೆನ್ಸಿಲ್ ಹಿಡಿದು ಕೂತರು. ಅತ್ತೆಯ ಮುಖ ಗಂಟಾಯಿತು.

"ಉಣ್ಣೂ ರೊಟ್ಟಿ ಎಣಸ್ತಾರೇನ್ ಯಾರರೆ? ಬರಕತ್ ಹೋಗ್ತದ."

ನನಗೂ ಬೆನ್ನ ಮೇಲೆ ಯಾರೋ ಬೆರಳಾಡಿಸಿದಂತಾಗಿ, ಒಂದರ ಹಿಂದೆ ಒಂದು ಮೂರು ರೊಟ್ಟಿ ಹರಿದವು. ಅಕ್ಕಾರ ಪಾಪ, ಒಂದು ಗಂಟೆಯೊಳಗೇ ನಾಚಿಕೊಂಡು ಎದ್ದುಬಿಟ್ಟರು. ಅಂದಾಜಿನ ಮೇಲೆ ನೂರಾ ಇಪ್ಪತ್ತು ಎಂದು ಬರೆದು, ಇದಕ್ಕೆ ನಾನು ಸಾಕ್ಷಿ ಎಂದು ಕೆಳಗೆ ಸಹಿ ಹಾಕಿದರು.

ಎರಡು ವಾರದ ನಂತರ ಸಾಂತಾಕ್ರೂಜಿನ ಆಫೀಸಿಗೆ ಕರೆ ಬಂತು. ದಾದರ್‌ನಲ್ಲಿ ಗಾಡಿ ಬದಲಿಸುವಾಗ ಅಕ್ಕಾರ ನನ್ನ ಕೈ ಹಿಡಿದುಕೊಂಡು, ಹೇಳಬೇಕಾದ ಉತ್ತರಗಳನ್ನು ಪಾಠದಂತೆ ಒಪ್ಪಿಸಿಕೊಂಡರು. ಒಳಗೆ ನನ್ನೊಬ್ಬಳನ್ನೇ ಬಿಟ್ಟರು. ಮೇಜಿನ ಆಚೆ ಮೂವರು. ನಡುವಿನ ಕನ್ನಡಕದ ಹೆಂಗಸು ಫಾರಮ್ ನೋಡುತ್ತಾ ಕೇಳಿದರು:

"ರೋಜ್ ಕಿತನೀ ರೋಟಿ ಬನಾತೀ ಹೋ?"

ನೂರಾ ಇಪ್ಪತ್ತು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೂರು ಜೊತೆ ಪರಕೀಯ ಕಣ್ಣುಗಳ ಮುಂದೆ ನಮ್ಮ ಮನೆಯ ಬುಟ್ಟಿಯನ್ನು ತೆರೆದಿಡುವುದೇ? ದೃಷ್ಟಿ ತಾಗದೆ ಇದ್ದೀತೆ? ನಮ್ಮ ಕಡೆ ಹಿಂಡುವ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರೂ ಅರ್ಧ ಮುಚ್ಚಿಟ್ಟೇ ಹೇಳುತ್ತಾರೆ. ನನ್ನ ಬಾಯಿ ತನ್ನ ರೂಢಿಯಂತೆ ನಡೆಯಿತು.

"ಜ್ಯಾದಾ ನಹೀ ಮ್ಯಾಡಮ್. ಬಸ್, ಚಾರ್ ಘರ್ ಕೀ."

ನಾಲ್ಕು ಮನೆಗೆ ಸಾಲುವಷ್ಟು! ಕನ್ನಡಕದವರು ನನ್ನನ್ನು ನೋಡಿದರು, ಫಾರಮ್ಮನ್ನು ನೋಡಿದರು, ನೂರಾ ಇಪ್ಪತ್ತರ ಸುತ್ತ ಕೆಂಪು ಗೆರೆ ಎಳೆದರು. ಆಯ್ಕೆಯ ಪಟ್ಟಿ ಮಾಡುವುದು ನಾಳೆ ಸಂಜೆ, ನೀವಿನ್ನು ಹೋಗಬಹುದು ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ಬರುವಾಗ ಲೋಕಲ್‌ನಲ್ಲಿ ಎಲ್ಲವನ್ನೂ ಹೇಳಿದೆ. ಅಕ್ಕಾರ ಕಿಟಕಿಯ ಕಡೆ ತಿರುಗಿಕೊಂಡೇ ಕೇಳಿದರು:

"ಮೂವತ್ತೈದು ವರ್ಷ ಕೆಲಸ ಮಾಡಿದೀನಿ. ಒಂದು ಸುಳ್ಳು ಸಹಿ ಹಾಕಿಲ್ಲ. ಇವತ್ತು ಸುಳ್ಳುಗಾತಿ ಆದೆ, ಅಲ್ವಾ?"

ಅವರು ಬೈದಿದ್ದರೆ ತಿರುಗಿ ಜಗಳವಾಡುತ್ತಿದ್ದೆ, ನನಗೆ ಅದು ಬರುತ್ತದೆ. ಅವರು ಇಳಿದು ಹೋದ ಮೇಲೆ ಸೀಟು ಖಾಲಿಯಿದ್ದರೂ ಭಾಂಡುಪಿನವರೆಗೆ ನಿಂತೇ ಇದ್ದೆ.

ಮರುದಿನ ಎಂದಿನಂತೆ ರೊಟ್ಟಿ ಮುಗಿಸಿದೆ. ಗಿರಾಕಿಗಳಿಗೆ ಒಂದೂ ಕೊಡಲಿಲ್ಲ. ಇಡೀ ಬುಟ್ಟಿಯನ್ನು ಧೋತರದಲ್ಲಿ ಬಿಗಿದು ತಲೆಯ ಮೇಲಿಟ್ಟುಕೊಂಡೆ. ಎಲ್ಲಿಗೆ ಎಂದು ಅತ್ತೆ ಕೇಳಲಿಲ್ಲ. ಅವರಿಗೆ ಗೊತ್ತಾಗಿತ್ತು. ಲೇಡೀಸ್ ಡಬ್ಬಿಯಲ್ಲಿ ಎಲ್ಲರಿಂದ ಬೈಸಿಕೊಂಡು, ದಾದರ್‌ನಲ್ಲಿ ಗಾಡಿ ಬದಲಿಸಿ, ಆ ಆಫೀಸಿನ ಮೇಜಿನ ಮೇಲೆ ಬುಟ್ಟಿ ಇಳಿಸಿದೆ. ಇದು ಒಂದು ದಿನದ್ದು, ನೀವೇ ಎಣಿಸಿಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿದೆ.

ಕನ್ನಡಕದವರು ಕೈ ಕಟ್ಟಿ ಕೂತರು.

"ಹಮ್ ನಹೀ. ಆಪ್ ಗಿನಿಯೇ."

ನೀವೇ ಎಣಿಸಿ ಎಂದು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಗಂಟಿಗೆ ಕೈ ಹಾಕಿದೆ. ತಿರುಗಿ ಹೊತ್ತುಕೊಂಡು ಹೋಗಿಬಿಡಲೇ ಅನ್ನಿಸಿತು. ಆಗ ನನ್ನ ಅಪ್ಪ ಕಣದಲ್ಲಿ ಜೋಳ ಅಳೆಯುತ್ತಿದ್ದದ್ದು ನೆನಪಾಯಿತು. ಮೊದಲ ಸೇರಿಗೆ ಅವನು ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ. ನಾನೂ ಮೊದಲ ರೊಟ್ಟಿ ಎತ್ತಿ "ಲಾಭ" ಎಂದೆ. ಆಮೇಲೆ ಎರಡು, ಮೂರು. ನೂರು ದಾಟಿದಾಗ ಪಕ್ಕದ ಟೇಬಲ್ಲುಗಳಲ್ಲಿ ಮಾತು ನಿಂತಿತು. ಮುರಿದವನ್ನು ಬದಿಗಿಟ್ಟೆ. ಬುಟ್ಟಿಯ ತಳ ಕಂಡಾಗ ನೂರಾ ಅರವತ್ತಮೂರು ಆಗಿತ್ತು.

ನನಗೆ ಅಳು ಬಂತು. ದಿನಾ ಇಷ್ಟು ಬಡಿಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಕನ್ನಡಕದವರು ಕೆಂಪು ಗೆರೆಯ ಪಕ್ಕ ಹೊಸ ಅಂಕಿ ಬರೆದು, ನನ್ನಿಂದ ಸಹಿ ಹಾಕಿಸಿಕೊಂಡರು. ಕೆಳಗಿಳಿದ ಕೂಡಲೇ ಅಕ್ಕಾರಿಗೆ ಫೋನು ಮಾಡಿ, ನಿಮ್ಮ ಸಹಿ ಸುಳ್ಳಲ್ಲ, ನೀವು ಬರೆದದ್ದು ಕಡಿಮೆಯೇ ಆಯಿತು ಎಂದೆ.

ರೊಟ್ಟಿ ಎಣಿಸಿದ್ದಕ್ಕೆ ಮನೆಯಲ್ಲಿ ಅತ್ತೆ ಮಾತು ಬಿಟ್ಟರು. ಸುಡುವುದು ಬಿಡಲಿಲ್ಲ, ಮಾತು ಮಾತ್ರ. ಹತ್ತು ದಿನದ ಮೇಲೆ ಪತ್ರ ಬಂತು. ಅನುದಾನ ಮಂಜೂರಾಗಿತ್ತು. ಗಾಳಾದ ಕೀಲಿ ತಂದು ದೇವರ ಮುಂದಿಟ್ಟೆ. ಅತ್ತೆ ಒಲೆಯಿಂದ ಮುಖ ತಿರುಗಿಸದೆ ಕೇಳಿದರು:

"ಅವತ್ತ ಎಷ್ಟ ಆಗಿದ್ದುವು?"

"ನೂರಾ ಅರವತ್ತಮೂರ್‌ರಿ, ಅತ್ತಿ."

ಅವರು ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತು, ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡರು.

"ನೀ ಬರೂ ಮುಂಚೆ ನಾನೂ ಇಪ್ಪತ್ತ ವರ್ಷ ಬಡದೇನಿ," ಅಂದರು. "ಎಷ್ಟ ಆಗಿರಬೇಕ ಹಂಗಾರ?"