ಹೋಟೆಲಿನಲ್ಲಿ ಕಚ್ಚಿದ ಹಾವುಗಳು

ನನ್ನ ಮೈದುನ ಅನಿಕೇತನಿಗೆ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಜಗತ್ತಿನ ಯಾವ ಊರು ಎಲ್ಲಿದೆ ಕೇಳಿ, ತಟ್ಟನೆ ತೋರಿಸುತ್ತಾನೆ. ಬೆಳಗಾವಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಮಾಡುವುದು ಅವನ ಉದ್ಯೋಗ. ಆಕಾಶದಿಂದ ತೆಗೆದ ಚಿತ್ರ ನೋಡಿ ಯಾವ ತಾಲೂಕಿನಲ್ಲಿ ಎಷ್ಟು ನೀರಿದೆ ಎಂದು ಹೇಳುವ ಮಹಾಶಯ. ನಮ್ಮ ಹಿತ್ತಲ ಬಾವಿ ಬತ್ತಿದ್ದನ್ನು ಮಾತ್ರ ಅವನಿಗೆ ನಾನೇ ಹೇಳಬೇಕಾಯಿತು.

ದೇಸೂರಿನಲ್ಲಿ ಅವನ ಸೋದರತ್ತೆಯ ಮನೆ. ಚಡ್ಡಿ ಹಾಕುವ ವಯಸ್ಸಿನಿಂದ ಓಡಾಡಿದ ದಾರಿ. ಈಗಲೂ ಫೋನು ಮುಂದಿಟ್ಟುಕೊಂಡು ಅದರೊಳಗಿನ ಹೆಂಗಸು ಹೇಳಿದಂತೆ ಕಾರು ತಿರುಗಿಸುತ್ತಾನೆ. ಒಮ್ಮೆ ಅವಳ ಮಾತು ಕೇಳಿ ನನ್ನನ್ನೂ ನನ್ನ ಗಂಡನನ್ನೂ ಯಾರದೋ ಗದ್ದೆಗೆ ಇಳಿಸಿದ. ಕೆಸರಿನಲ್ಲಿ ನಿಂತು, “ರಸ್ತೆ ಬದಲಾಗಿರಬೇಕ್ರಿ ವೈನಿ” ಎಂದು ಅತ್ತಿಗೆಯಾದ ನನಗೇ ಅಂದ. ತಪ್ಪು ರಸ್ತೆಯದಂತೆ! ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಇಂಥವನಿಗೆ ಬಡಿಸಿ ಸಾಕಾದವಳು ನಾನು, ಕಾಂತಾ.

ಹೋದ ವರ್ಷ ಮಳೆಗಾಲಕ್ಕೆ ಅವನಿಗೊಂದು ದೊಡ್ಡ ಕೆಲಸ ಬಂತು. ಖಾನಾಪುರ ತಾಲೂಕಿನಲ್ಲಿ ಯಾರಿಗೆ ಎಲ್ಲಿ ಹಾವು ಕಚ್ಚಿದೆ ಎಂಬುದರ ನಕ್ಷೆ. ಹಳ್ಳಿ ಹಳ್ಳಿಗೆ ಹೋಗಬೇಕು. ಕಚ್ಚಿಸಿಕೊಂಡವರ ಜೊತೆ ಕಚ್ಚಿದ ಜಾಗಕ್ಕೇ ನಡೆದು, ಅಲ್ಲಿ ನಿಂತು, ಫೋನಿನಲ್ಲಿ ಹೆಸರು, ವಯಸ್ಸು ತುಂಬಿ ಬಟನ್ ಒತ್ತಬೇಕು. ನಿಂತ ಜಾಗ ಯಾವುದೆಂದು ಫೋನು ತಾನೇ ಬರೆದುಕೊಳ್ಳುತ್ತದೆ. ಚುಕ್ಕಿಗಳು ಎಲ್ಲಿ ಹೆಚ್ಚು ಬೀಳುತ್ತವೋ ಅಲ್ಲಿ ನಕ್ಷೆ ಕೆಂಪಾಗುತ್ತದೆ. ಆ ಕೆಂಪಿಗೆ ಹತ್ತಿರದ ಆಸ್ಪತ್ರೆಗೆ ಹಾವಿನ ವಿಷಕ್ಕೆ ಕೊಡುವ ಔಷಧಿ, ಅದನ್ನಿಡಲು ಫ್ರಿಜ್ಜು, ಕೊಡಲು ಕಲಿತ ಡಾಕ್ಟರು. ತಾಲೂಕಿಗೆಲ್ಲ ಸೇರಿ ಅಂಥ ಒಂದೇ ಆಸ್ಪತ್ರೆ ಹೊಸದಾಗಿ ಆಗುವುದಿತ್ತು.

ನನ್ನ ತವರು ನಿಂಬೋಳಿ, ಖಾನಾಪುರದಾಚೆ ಕಾಡಂಚಿನಲ್ಲಿದೆ. ನನ್ನ ಅಣ್ಣ ಕರೆಪ್ಪನಿಗೆ ಗದ್ದೆಯ ಬದುವಿನಲ್ಲಿ ಹಾವು ಕಚ್ಚಿ, ಔಷಧಿ ಇದ್ದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಲು ಕಪ್ಪಾಗಿತ್ತು. ಜೀವ ಉಳಿಯಿತು, ಪಾದ ಹೋಯಿತು. ನಿಂಬೋಳಿಯ ಕೆಳಗೇ ಒಂದು ಸಣ್ಣ ಆಸ್ಪತ್ರೆಯಿದೆ. ಅಲ್ಲಿ ಔಷಧಿ ಇದ್ದಿದ್ದರೆ ಅಣ್ಣ ಇವತ್ತು ಕೋಲು ಹಿಡಿಯುತ್ತಿರಲಿಲ್ಲ. ಅದಕ್ಕೇ ಅನಿಕೇತನ ತಾಟಿಗೆ ಚಪಾತಿ ಹಾಕುತ್ತ ಹೇಳಿದೆ:

“ನೋಡಪಾ, ಸುಳ್ಳ ಬರಿ ಅನ್ನೂದಿಲ್ಲ ನಾ. ಹೋಗಿ ನಿನ್ನ ಕಣ್ಣಿಂದ ನೋಡಿ ಬಾ, ಅಷ್ಟ ಸಾಕು. ಆ ಔಷಧಿ ಆ ಕಡೆ ಮಂದಿಗೆ ಬೇಕಾಗೈತಿ.”

“ಡೇಟಾ ಏನ ಹೇಳ್ತದೋ ಅದ ಆಗ್ತದರಿ ವೈನಿ,” ಎಂದ, ಬಾಯಿ ತುಂಬ ಪಲ್ಯ ಇಟ್ಟುಕೊಂಡು.

ಮರುದಿನದಿಂದ ಶುರುವಾಯಿತು ಸವಾರಿ. ತಲೆಗೆ ದಾರವಿರುವ ಟೊಪ್ಪಿಗೆ, ಮೈಗೆ ಹತ್ತಾರು ಕಿಸೆಯ ಜಾಕೀಟು, ಕಾಲಿಗೆ ಪಾದ ಮುಚ್ಚಿ ಮೇಲೇರಿದ ಬೂಟು. ಹಿಮಾಲಯಕ್ಕೆ ಹೊರಟವನ ಅವತಾರ. “ಫೀಲ್ಡಿಗೆ ಹೊಂಟೇನ್ರಿ” ಎಂದು ಓಣಿಗೆಲ್ಲ ಕೇಳುವಂತೆ ಕೂಗುವುದು ಬೇರೆ. ನಾನು ದಿನಾ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟುತ್ತಿದ್ದೆ. ಸಂಜೆ ಡಬ್ಬಿ ಕಟ್ಟಿದ ಹಾಗೇ ವಾಪಸು ಬರುತ್ತಿತ್ತು. ಅಂಗಿಯ ಮೇಲೆ ಖಾರದ ಮಿಸಳ ತಿಂದ ಎಣ್ಣೆಯ ಕಲೆ. ಖಾನಾಪುರದಲ್ಲಿ ಧೋ ಧೋ ಮಳೆ, ಇವನ ಬೂಟು ಮದುಮಗನ ಬೂಟಿನಂತೆ ಹೊಳೆಯುತ್ತಿತ್ತು.

“ಬೂಟಿಗೆ ಕೆಸರ ಹತ್ತಿಲ್ಲಲ್ಲೋ?”

“ಚಲೋ ಕಂಪನಿ ಬೂಟ್ರಿ ವೈನಿ. ಕೆಸರ ಹಿಡಿಯೂದಿಲ್ಲ.”

ಆಹಾ! ಬೂಟು ಹೊಲಿದವನಿಗೆ ಕೈಮುಗಿಯಬೇಕು.

ಅತ್ತ ನಿಂಬೋಳಿಯಲ್ಲಿ ಜನ ಕಾದರು. ನಮ್ಮ ಬಾಜೂ ಮನೆಯ ಸಾತವ್ವ, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಸಾಹೇಬರು ಬರುತ್ತಾರೆಂದು ಶೇಂಗಾ ಹುರಿದು ಕಟ್ಟೆಯ ಮೇಲೆ ಕುಳಿತಳಂತೆ. ಸಾಹೇಬರು ಬರಲಿಲ್ಲ, ಫೋನು ಬಂತು. “ಫೋನಿನ್ಯಾಗ ಹೆಸರ, ವಯಸ್ಸ ಕೇಳಿದ್ರವ್ವಾ. ಬರೂದು ಜರೂರ ಇಲ್ಲಂತ,” ಎಂದು ಅಣ್ಣ ನನಗೆ ಹೇಳಿದ್ದು ನಕ್ಷೆ ಆದಮೇಲೆ. ಕೆಲಸಕ್ಕೆ ಹೊಸ ರೀತಿ ಬಂದಿರಬೇಕು ಎಂದುಕೊಂಡಿದ್ದನಂತೆ, ಪಾಪ.

ದೀಪಾವಳಿಯ ಹೊತ್ತಿಗೆ ಅನಿಕೇತ ಒಂದು ದೊಡ್ಡ ನಕ್ಷೆ ತಂದು ಊಟದ ಟೇಬಲ್ಲಿನ ಮೇಲೆ ಹಾಸಿದ. ಖಾನಾಪುರಕ್ಕೆ ಈಚೆ, ಹೆದ್ದಾರಿಯ ಮೇಲೆ, ಕುಂಕುಮ ಚೆಲ್ಲಿದಂತೆ ಕೆಂಪು. ಉಳಿದ ತಾಲೂಕೆಲ್ಲ ತಣ್ಣಗೆ ಹಸಿರು. ನಿಂಬೋಳಿ ಎಲ್ಲಕ್ಕಿಂತ ಹಸಿರು.

“ನಮ್ಮಣ್ಣ ಎಲ್ಲಿ?” ಅಂದೆ.

“ಎಲ್ಲಾರೂ ಅದಾರ್ರಿ ಇದರಾಗ,” ಎಂದು ಲ್ಯಾಪ್‌ಟಾಪ್ ತೆಗೆದು ಹುಡುಕಿದ. ಕರೆಪ್ಪನ ಹೆಸರು ಬಂತು, ಊರು ನಿಂಬೋಳಿ ಎಂದೂ ಬಂತು. ಚುಕ್ಕಿ ಮಾತ್ರ ಆ ಕೆಂಪಿನ ನಟ್ಟನಡುವೆ ಮಿಣಮಿಣ ಅನ್ನುತ್ತಿತ್ತು. ದೊಡ್ಡದು ಮಾಡಿಸಿದೆ. ಒಂದು ತಗಡಿನ ಚಾವಣಿ, ಮುಂದೆ ನಿಂತ ಲಾರಿಗಳು. ಖಾನಾಪುರದಿಂದ ಬೆಳಗಾವಿಗೆ ಹೋಗಿ ಬರುವ ಯಾರಿಗೂ ಗುರುತು ಹತ್ತುವ ಜಾಗ, ಬಾಳಾಸಾಹೇಬರ ಮಿಸಳ ಹೋಟೆಲು.

ಆಮೇಲೆ ಉಳಿದದ್ದು ಬಾಯಿ ಬಿಡಿಸುವ ಕೆಲಸ. ಮೇಲೆ ಮಳೆಯಂತೆ, ಕಾಡಿನಲ್ಲಿ ನೆಟ್‌ವರ್ಕ್ ಇಲ್ಲವಂತೆ. ಮಳೆಗಾಲವಿಡೀ ಹೋಟೆಲಿನ ಮೂಲೆಯ ಬೆಂಚಿನಲ್ಲಿ ಕುಳಿತು ಊರೂರಿಗೆ ಫೋನು ಮಾಡಿ, ಹೆಸರು ತುಂಬಿ ಬಟನ್ ಒತ್ತಿದ್ದ. ಇವನು ಎಲ್ಲಿ ಕುಳಿತಿದ್ದನೋ ಅದನ್ನು ಫೋನು ನಿಯತ್ತಾಗಿ ಬರೆದುಕೊಂಡಿತ್ತು. ಅಂದರೆ ಇಡೀ ತಾಲೂಕಿಗೆ ಹಾವು ಕಚ್ಚಿದ್ದು ಒಂದೇ ಬೆಂಚಿನ ಮೇಲೆ!

ನನಗೆ ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. “ನಾಳೆನ ಹೋಗು. ಮನಿ ಮನಿ ಅಡ್ಡಾಡಿ ಹೊಸದಾಗಿ ಮಾಡು,” ಅಂದೆ. ಅವನ ಮುಖ ಬಿಳಿಚಿತ್ತು. ಸರನ್ನು ಕೇಳುತ್ತೇನೆ ಎಂದು ಎದ್ದು ಹೋದ. ಆ ರಾತ್ರಿಯ ಮಟ್ಟಿಗೆ ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು ಎಂದೇ ನಾನು ನಂಬಿದ್ದೇನೆ.

ಅವನ ಸರ್ ಓಂಕಾರ ಎಂಬವರು. ಬುದ್ಧಿ ಎಂದರೆ ಅವರದು. ತಪ್ಪು ಎಂದು ಒಪ್ಪಿದರೆ ಇಡೀ ಮಳೆಗಾಲದ ಕೆಲಸ ನೀರಿಗೆ ಹೋಗುತ್ತದಲ್ಲ, ಅದಕ್ಕೆ ಕಾರಣ ಹುಡುಕಿಕೊಟ್ಟರು. ಅನಿಕೇತ ಗೆಲುವಾಗಿ ಮನೆಗೆ ಬಂದ. “ಹೋಟೆಲ್ ಅಂದ್ರ ಎಂಜಲ, ಎಂಜಲ ಅಂದ್ರ ಇಲಿ, ಇಲಿ ಅಂದ್ರ ಹಾವು. ಸರ್ ಹೇಳಿದ್ರು, ಇದು ಹೊಸಾ ಶೋಧ ಆಗ್ತದಂತ.”

“ಕಚ್ಚಿದ್ದು ನಮ್ಮ ಗದ್ಯಾಗೋ! ನಮ್ಮಣ್ಣ ಇನ್ನೂ ಜೀವಂತ ಅದಾನ, ಕೇಳು!”

“ಒಬ್ಬರ ಮಾತಿಂದ ಡೇಟಾ ಬದಲಾಗೂದಿಲ್ರಿ ವೈನಿ.”

ನಾನೇ, ಕೆಲಸ ಮಾಡುವ ಪತ್ತಿನ ಸೊಸೈಟಿಗೆ ರಜೆ ಹಾಕಿ, ಓಂಕಾರ ಸರ್ ಹತ್ತಿರ ಹೋದೆ. ಕುಂದರ್ರಿ ಎಂದರು, ಚಹಾ ತರಿಸಿದರು. ನಾನು ಹೇಳುವುದನ್ನೆಲ್ಲ ಕೇಳಿ, ಭಾವನೆ ಬೇರೆ, ಸಂಶೋಧನೆ ಬೇರೆ ಎಂದು ನಗುತ್ತ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಎಂಥ ಮರ್ಯಾದಸ್ಥರು! ನನ್ನ ಗಂಡನೂ, ಮನೆಯ ಹುಡುಗನ ನೌಕರಿಗೆ ಕಲ್ಲು ಹಾಕಬೇಡ ಎಂದು ನನ್ನನ್ನೇ ಗದರಿಸಿದ.

ನಕ್ಷೆ ಪತ್ರಿಕೆಯಲ್ಲಿ ಬಂದ ದಿನ ಬಾಳಾಸಾಹೇಬರು ಪೇಪರು ಹಿಡಿದು ನಮ್ಮ ಮನೆಗೇ ಬಂದರು. “ಅಕ್ಕಾರ, ಇಡೀ ತಾಲೂಕಿನ ಹಾವು ಮಿಸಳ ತಿನ್ನಾಕ ನನ್ನ ಹೋಟೆಲಿಗೆ ಬರ್ತಾವೇನ್ರಿ? ಮಳ್ಯಾಗ ತೊಯ್ಕೊಂಡ ಬಂದಾನಂತ ಇವಗ ಜಾಗಾ ಕೊಟ್ಟೆ. ಗಿರಾಕಿ ಈಗ ಬೆಂಚಿನ ಕೆಳಗ ಬಗ್ಗಿ ನೋಡಿ ಕುಂದರ್ತಾರ!” ಅನಿಕೇತ ಮಾಳಿಗೆಯ ಕೋಣೆಯಿಂದ ಕೆಳಗಿಳಿಯಲೇ ಇಲ್ಲ. ಅವನಿಗೆ ಸಂಸ್ಥೆಯಿಂದ ಒಂದು ಫಲಕ ಸಿಕ್ಕಿತು, ನಮ್ಮ ಟೀವಿಯ ಮೇಲೆ ತಂದಿಟ್ಟ. ಔಷಧಿ ಮತ್ತು ಫ್ರಿಜ್ಜು ಬಾಳಾಸಾಹೇಬರ ಹೋಟೆಲಿಗೆ ಹತ್ತಿರದ, ಹೆದ್ದಾರಿಯ ಬದಿಯ ಆಸ್ಪತ್ರೆಗೆ ಹೋದವು.

ಈ ವರ್ಷ ಮೊದಲ ಮಳೆಗೆ ಸಾತವ್ವ ಕಟ್ಟಿಗೆ ತೆಗೆಯಲು ಹೋದಾಗ ಹಾವು ಕಚ್ಚಿತು. ಅಣ್ಣ ಜೀಪು ಮಾಡಿಸಿದ. ಊರ ಕೆಳಗಿನ ಸಣ್ಣ ಆಸ್ಪತ್ರೆಯ ಮುಂದೆಯೇ ಜೀಪು ಹಾಯಿತು, ಅಲ್ಲಿ ನಿಂತು ಮಾಡುವುದೇನಿತ್ತು? ಹಳ್ಳ ಇಳಿದು, ಗುಂಡಿ ಹಾರಿ, ಔಷಧಿಯಿಲ್ಲದ ಖಾನಾಪುರವನ್ನೂ ದಾಟಿ ಹೆದ್ದಾರಿಗೆ ಬಂದಾಗ ಅವಳ ರೆಪ್ಪೆ ಮೇಲೇಳುತ್ತಿರಲಿಲ್ಲ. ಆಸ್ಪತ್ರೆಯ ಬೋರ್ಡು ಕಣ್ಣಿಗೆ ಕಾಣುತ್ತಿದ್ದಾಗ ಉಸಿರು ನಿಂತಿತು. ನನ್ನನ್ನು ಹೊತ್ತು ಬೆಳೆಸಿದವಳು, ಯಾರಿಗೂ ಕೆಟ್ಟದ್ದು ಬಯಸದವಳು.

ಮೂರನೆಯ ದಿನ ಅನಿಕೇತನನ್ನು ನಾನೇ ನಿಂಬೋಳಿಗೆ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದ, ಎಳೆದುಕೊಂಡೇ ಹೋದೆ. ಮೊದಲ ಸಲ ಆ ಬೂಟಿಗೆ ಕೆಸರು ಹತ್ತಿತು. ಕೈಯಲ್ಲಿ ಅಭ್ಯಾಸಬಲದಿಂದ ಫೋನು. ಸಾತವ್ವನ ಕಟ್ಟೆಯ ಮೇಲೆ ಅಣ್ಣ ಕೋಲು ಮಗ್ಗುಲಿಗಿಟ್ಟು ಕುಳಿತಿದ್ದ.

“ಬರ್ರಿ ಸಾಹೇಬ್ರ, ಕುಂದರ್ರಿ,” ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಸಾತವ್ವಂದು ಬರಕೋರಿ. ವಯಸ್ಸ ಅರವತ್ತರ ಮ್ಯಾಲ. ಜೀವ ಹೋಗಿದ್ದು ಬಾಳಾಸಾಹೇಬರ ಹೋಟೆಲ್ ಮುಂದ. ಈ ಸಲ ಖರೇನ ಅಲ್ಲೇರಿ. ನಿಮ್ಮ ನಕ್ಷಾ ತಪ್ಪಾಗೂದಿಲ್ಲ, ಬಟನ್ ಒತ್ರಿ.”

ಅನಿಕೇತ ಫೋನನ್ನು ನೋಡಿದ, ನನ್ನನ್ನು ನೋಡಿದ. ನಾನು ಮುಖ ತಿರುಗಿಸಿ ಸಾತವ್ವನ ಮನೆಯೊಳಗೆ ಹೋದೆ.